ಅಮ್ಮನವರಿಗೊಂದು ಪತ್ರ: ಬಾಗಿಲಿಗೆ ಬಂದ ನೆರೆಯವರು, ತಲೆ ತಗ್ಗಿಸಿದ ನಾವು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಕ್ಕಪಕ್ಕದ ಮನೆಯವರ ಬಗ್ಗೆ. ಎಲ್ಲರೂ ಕೇಳಿದ್ದು ಒಂದೇ, 'ಇಂಥವರನ್ನು ಹೇಗಮ್ಮಾ ಪ್ರೀತಿಸೋದು?' ಆದರೆ ಪತ್ರ ಅರ್ಧ ಓದುವಷ್ಟರಲ್ಲಿ ಇನ್ನೊಂದು ನೋವು ಕಾಣುತ್ತದೆ. ಬರೆದವರಿಗೆ ಜನರ ಮುಂದೆ ಮುಖ ಎತ್ತಲು ಆಗುತ್ತಿಲ್ಲ. ಇವೆರಡನ್ನೂ ನಾನು ಬೇರೆ ಮಾಡಿ ನೋಡುವುದಿಲ್ಲ. ನಾಚಿಕೆಯಿಂದ ಕುಗ್ಗಿದವರು ನೆರೆಯವರಿಗೆ ಹೆದರಬಹುದು, ಅವರನ್ನು ಮೆಚ್ಚಿಸಲು ಓಡಾಡಬಹುದು, ಅವರ ಕಣ್ಣು ತಪ್ಪಿಸಿ ತಿರುಗಬಹುದು. ಪ್ರೀತಿಸಲು ಮಾತ್ರ ಆಗುವುದಿಲ್ಲ. ದೇವರು ಮೊದಲು ನಮ್ಮ ಮುಖ ಎತ್ತುತ್ತಾನೆ, ಆಮೇಲೆ ನೆರೆಯವರ ಕಡೆ ತಿರುಗಿಸುತ್ತಾನೆ. ಈ ಕ್ರಮ ತಲೆಕೆಳಗಾದರೆ ಕಷ್ಟ.

ಗುರುತು ಸಿಗುವಂಥ ವಿವರಗಳನ್ನು ಬಿಟ್ಟು ಪತ್ರಗಳನ್ನು ಚಿಕ್ಕದು ಮಾಡಿ ಹಾಕಿದ್ದೇನೆ.

ಪ್ರಶ್ನೆ: ಅಮ್ಮನವರಿಗೆ ವಂದನೆಗಳು. ಮಗಳ ನರ್ಸಿಂಗ್ ಕೋರ್ಸಿನ ಫೀಸಿಗೆ ಅಂತ ಮಹಿಳಾ ಸಂಘದ ಮೂಲಕ ಒಂದು ಕಂಪನಿಯಿಂದ 60 ಸಾವಿರ ಸಾಲ ತೆಗೆದೆ. ಈ ವರ್ಷ ಮೆಣಸಿನಕಾಯಿ ಬೆಳೆ ಕೈಕೊಟ್ಟಿತು. ಕಂತು ತಪ್ಪುತ್ತಾ ಬಂತು. ಒಂದು ದಿನ ಸಂಘದವರೆಲ್ಲ ರಾತ್ರಿ ಒಂಬತ್ತರವರೆಗೂ ನಮ್ಮ ಮನೆ ಕಟ್ಟೆ ಮೇಲೆ ಕೂತರು. ಪಕ್ಕದ ಮನೆಯವಳೂ ಆ ಸಂಘದವಳೇ, ನನ್ನ ಹೆರಿಗೆ ಹೊತ್ತಿನಲ್ಲಿ ಜೊತೆಗಿದ್ದವಳು. ಅವಳೇ ಓಣಿಗೆಲ್ಲ ಕೇಳುವ ಹಾಗೆ, 'ಬೈಬಲ್ ಹಿಡ್ಕೊಂಡು ಚರ್ಚಿಗೆ ಹೋಗ್ತಿ, ಕಂತು ಕಟ್ಟಾಕ ಆಗಂಗಿಲ್ಲೇನು?' ಅಂದಳು. ಅಂದಿನಿಂದ ಬೆಳಕು ಹರಿಯುವ ಮುಂಚೆ ನೀರು ತಂದುಬಿಡುತ್ತೇನೆ. ಆರಾಧನೆಗೆ ಹೋಗುವುದನ್ನೂ ಬಿಟ್ಟಿದ್ದೇನೆ. ಅವಳನ್ನು ಪ್ರೀತಿಸಬೇಕು ಅಂತ ಗೊತ್ತು. ಆದರೆ ಅವಳ ಚಪ್ಪಲಿ ಸದ್ದು ಕೇಳಿದರೂ ಎದೆ ಡವಡವ ಅನ್ನುತ್ತದೆ. ಒಮ್ಮೊಮ್ಮೆ ಬದುಕಿದ್ದು ಏನು ಮಾಡಲಿ ಅನಿಸುತ್ತದೆ.
*ಒಬ್ಬ ಸಹೋದರಿ, ಹಾವೇರಿ ಜಿಲ್ಲೆ*

ಉತ್ತರ: ಮಗಳೇ, ನಿನ್ನ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಆ ಯೋಚನೆ ಬಂದಾಗ ಒಬ್ಬಳೇ ಇರಬೇಡ. 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿನ್ನ ಮನೆಯವರಿಗೂ ಇವತ್ತೇ ಈ ಮಾತು ಹೇಳು. ಇದು ನಂಬಿಕೆ ಕಮ್ಮಿಯಾದದ್ದರ ಗುರುತು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಪ್ರವಾದಿ ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾವು ಬೇಡಿದ. ದೇವರು ಅವನಿಗೆ ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಮೊದಲು ರೊಟ್ಟಿ ಮತ್ತು ನೀರು ಕೊಟ್ಟ, ನಿದ್ದೆ ಮಾಡಲು ಬಿಟ್ಟ. ಎದ್ದ ಮೇಲೆ ಮತ್ತೆ ರೊಟ್ಟಿ ಕೊಟ್ಟ. ಮಾತು ಆಮೇಲೆ. ನೀನೂ ಊಟ ನಿದ್ದೆ ಬಿಟ್ಟಿದ್ದೀಯ ಅಂತ ನಿನ್ನ ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಈಗ ಪಕ್ಕದ ಮನೆಯವಳ ವಿಷಯ. ಅವಳು ಅಷ್ಟು ಜೋರಾಗಿ ಕೂಗಿದ್ದಕ್ಕೆ ಒಂದು ಕಾರಣವಿದೆ, ಅದು ನಿನಗೂ ಗೊತ್ತು. ಸಂಘದ ಸಾಲಕ್ಕೆ ಹೊಲ, ಬಂಗಾರ ಯಾವುದೂ ಅಡ ಇಲ್ಲ. ಒಬ್ಬರಿಗೊಬ್ಬರು ಹೊಣೆ ನಿಲ್ಲುವುದೇ ಅಡ. ನಿನ್ನ ಕಂತು ತಪ್ಪಿದ ವಾರ ಉಳಿದವರು ಕೈಯಿಂದ ಹಾಕುತ್ತಾರೆ. ಬಹುಶಃ ಆ ವಾರ ಅವಳು ಹಾಲಿನ ದುಡ್ಡನ್ನೋ ಗಂಡನಿಗೆ ಕಾಣದ ಹಾಗೆ ಕೂಡಿಟ್ಟದ್ದನ್ನೋ ತೆಗೆದಿರುತ್ತಾಳೆ. ಕಂಪನಿಯವನು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದಿರಲೂಬಹುದು. ಅವನ ಹತ್ತಿರ ನುಂಗಿಕೊಂಡದ್ದನ್ನು ನಿನ್ನ ಕಟ್ಟೆ ಮೇಲೆ ಕಾರಿಕೊಂಡಿದ್ದಾಳೆ. ಹೆಣ್ಣುಮಕ್ಕಳು ಹೆಣ್ಣುಮಕ್ಕಳ ಮೇಲೆಯೇ ಬೀಳುವ ಹಾಗೆ ಕಟ್ಟಿದ ವ್ಯವಸ್ಥೆ ಅದು. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಅವಳು ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ನೀನು ಅವಳಿಗೆ ದುಡ್ಡು ಕೊಡಬೇಕು, ಅದು ನಿಜ. ಮಾನ ಕೊಡಬೇಕಿಲ್ಲ. ಸಾಲವನ್ನು ದುಡ್ಡಿನಿಂದ ತೀರಿಸಬೇಕು, ನಾಚಿಕೆಯಿಂದ ತೀರಿಸಲು ಆಗುವುದಿಲ್ಲ. ನೀನು ಕತ್ತಲಲ್ಲಿ ನೀರು ತಂದು, ಚರ್ಚು ಬಿಟ್ಟು, ತಲೆ ತಗ್ಗಿಸಿ ನಡೆದು ಒಂದು ರೂಪಾಯಿಯನ್ನೂ ತೀರಿಸಿಲ್ಲ.

ನಾನು ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಬಿಲ್ ಕಟ್ಟಲು ಆಗದ ತಾಯಂದಿರನ್ನು ದೂರದಿಂದಲೇ ಗುರುತಿಸುತ್ತಿದ್ದೆ. ಡಿಸ್ಚಾರ್ಜ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಿದ್ದರು. ಕೌಂಟರ್ ಕಡೆ ಬೆನ್ನು ಹಾಕಿ ಕೂರುತ್ತಿದ್ದರು. ಮಗುವಿಗೆ ಮಾತ್ರೆ ದಿನಕ್ಕೆ ಎಷ್ಟು ಸಲ ಕೊಡಬೇಕು ಅಂತ ಕೂಡ ಕೇಳುತ್ತಿರಲಿಲ್ಲ. ಕೇಳಲು ಹೋದರೆ ದುಡ್ಡಿನ ಮಾತು ಬಂದೀತು ಅನ್ನುವ ಭಯ. ಎದೆಗೆ ಅವುಚಿಕೊಂಡ ಮಗುವಿನ ಔಷಧಿಯ ಬಗ್ಗೆಯೇ ಬಾಯಿ ಬಿಡದ ಹಾಗೆ ನಾಚಿಕೆ ಅವರನ್ನು ಹಿಡಿದಿರುತ್ತಿತ್ತು. ನಾಚಿಕೆ ಹುಣ್ಣಿನ ಹಾಗೆ, ಮೇಲೆ ಹಕ್ಕಳೆ ಕಟ್ಟಿರುತ್ತದೆ, ಒಳಗೆ ಕೀವು ತುಂಬುತ್ತಾ ಹೋಗುತ್ತದೆ. ಮುಚ್ಚಿಟ್ಟಷ್ಟೂ ಜಾಸ್ತಿ.

ಸಮಾರ್ಯದ ಹೆಂಗಸು ಮಧ್ಯಾಹ್ನದ ಹೊತ್ತಿಗೆ ಬಾವಿಗೆ ಬಂದಳು ಅಂತ ಯೋಹಾನ ಬರೆಯುತ್ತಾನೆ. ಯಾಕೆ ಆ ಹೊತ್ತಿಗೆ ಅಂತ ಅವನು ಹೇಳಿಲ್ಲ. ಊರವರ ಮಾತಿಗೆ ಹೆದರಿ ಅಂತ ನಾವು ಪ್ರಸಂಗಗಳಲ್ಲಿ ಕೇಳುತ್ತೇವೆ. ಇರಬಹುದು. ನಿನ್ನ ಪತ್ರ ಓದಿದ ಮೇಲೆ ಹಾಗೇ ಇರಬೇಕು ಅನಿಸಿತು. ಯೇಸು ಅವಳಿಗೆ ಮೊದಲು ಹೇಳಿದ ಮಾತು ಯಾವುದು ನೋಡು. 'ನನಗೆ ಕುಡಿಯಲು ನೀರು ಕೊಡು' ಅಂತ. ಅವಳ ಹತ್ತಿರ ಕೊಡಲು ಏನೋ ಇದೆ ಅಂತ ಅವನು ನಡೆದುಕೊಂಡ. ಆಮೇಲೆ ಅವಳ ಬದುಕಿನ ಸತ್ಯವನ್ನು ಅವಳ ಮುಖಕ್ಕೇ ಹೇಳಿದ, ಆದರೆ ಓಣಿಗೆಲ್ಲ ಕೇಳುವ ಹಾಗೆ ಹೇಳಲಿಲ್ಲ. ಅವಳು ಕೊಡ ಅಲ್ಲೇ ಬಿಟ್ಟು ಓಡಿದ್ದು ಯಾರ ಕಡೆಗೆ? ಅದೇ ಊರಿನ ಜನರ ಕಡೆಗೆ. 'ನಾನು ಮಾಡಿದ್ದನ್ನೆಲ್ಲ ಹೇಳಿದವನನ್ನು ಬಂದು ನೋಡಿ' ಅಂತ ತಾನೇ ಹೇಳಿದಳು. ಬೇರೆಯವರು ಹಿಡಿದು ಆಡುತ್ತಿದ್ದ ಮಾತು ಅವಳ ಬಾಯಿಗೆ ಬಂದಾಗ ಅದಕ್ಕೆ ಮೊದಲಿನ ವಿಷ ಉಳಿಯಲಿಲ್ಲ.

ಶಿಲುಬೆಯ ಬಗ್ಗೆಯೂ ಒಂದು ಮಾತು. ರೋಮಿನವರು ಅದನ್ನು ಬರೀ ಕೊಲ್ಲಲು ಬಳಸಲಿಲ್ಲ, ಮಾನ ತೆಗೆಯಲು ಬಳಸಿದರು. ಜನ ಓಡಾಡುವ ಕಡೆ ನಿಲ್ಲಿಸುತ್ತಿದ್ದರು. ಬಟ್ಟೆ ಬಿಚ್ಚುತ್ತಿದ್ದರು. ನಮ್ಮ ಕರ್ತನ ತಲೆಯ ಮೇಲೆ ಹಾಕಿದ ಫಲಕ ಮೂರು ಭಾಷೆಯಲ್ಲಿತ್ತು, ದಾರಿಯಲ್ಲಿ ಹೋಗುವ ಒಬ್ಬರಿಗೂ ಓದದೆ ಇರಲು ಆಗಬಾರದು ಅಂತ. ಅವನು ಆ ಅವಮಾನವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಅಂತ ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ ಹೇಳುತ್ತದೆ. ಹಾಗಾಗಿ ಓಣಿಯಲ್ಲಿ ನಿಂತಾಗ ನಿನ್ನ ಪಕ್ಕ ಅವನು ನಿಂತಿದ್ದಾನೆ ಅಂತ ನಾನು ಹೇಳಿದರೆ ಅದು ಸುಮ್ನೆ ಸಮಾಧಾನದ ಮಾತಲ್ಲ. ಅವನಿಗೆ ಆ ಜಾಗ ಗೊತ್ತು.

ಇನ್ನು ಮಾಡಬೇಕಾದದ್ದು. ಒಂದು ಹಾಳೆಯಲ್ಲಿ ಲೆಕ್ಕ ಬರೆ: ಒಟ್ಟು ಸಾಲ, ಕಟ್ಟಿದ್ದು, ಬಾಕಿ, ಯಾರು ಯಾರು ನಿನ್ನ ಪರವಾಗಿ ಎಷ್ಟು ಹಾಕಿದರು. ಮಧ್ಯಾಹ್ನ ಅವಳು ಒಬ್ಬಳೇ ಇರುವ ಹೊತ್ತಿಗೆ ಅವಳ ಮನೆಗೆ ಹೋಗು. ಕಾಲಿಗೆ ಬೀಳಬೇಡ. ಅಳು ಬಂದರೆ ಬರಲಿ, ಆದರೆ ಅಳುವುದಕ್ಕೆ ಅಂತ ಹೋಗಬೇಡ. 'ಅಕ್ಕಾ, ನಿನ್ನ ಇಷ್ಟು ದುಡ್ಡು ನನ್ನ ಮೇಲೆ ಇದೆ. ಕೂಲಿ ಬಂದಾಗ ವಾರಕ್ಕೆ ಇಷ್ಟು ಮೊದಲು ನಿನಗೆ ಕೊಡುತ್ತೇನೆ. ನೀನು ಕೈಯಿಂದ ಹಾಕಿದ್ದಕ್ಕೆ ನಾನು ಋಣಿ. ಆದರೆ ಓಣಿಯಲ್ಲಿ ನಿಂತು ಹಾಗೆ ಅಂದದ್ದು ನನಗೆ ಬಹಳ ನೋವಾಗಿದೆ' ಅನ್ನು. ಎರಡೂ ಮಾತನ್ನು ಒಂದೇ ಉಸಿರಿಗೆ ಹೇಳು. ಮೊದಲನೆಯದು ಮಾತ್ರ ಹೇಳಿದರೆ ಹೆದರಿಕೆಯಿಂದ ಹೇಳಿದ ಹಾಗಾಗುತ್ತದೆ, ಎರಡನೆಯದು ಮಾತ್ರ ಹೇಳಿದರೆ ಜಗಳ. ಅವಳು ತಕ್ಷಣ ಕರಗದೇ ಇರಬಹುದು. ಮುಖ ತಿರುಗಿಸಲೂಬಹುದು. ನೀನು ಎದ್ದು ಬಾ, ಹೇಳಿದ ವಾರಕ್ಕೆ ಹೇಳಿದಷ್ಟು ಕೊಡು.

ಕಂಪನಿಯವರಿಗೆ ಬೇರೆ ಲೆಕ್ಕ. ಇಂಥ ಸಾಲಕ್ಕೆ ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಸಾಲಗಾರರಿಗೆ ಫೋನ್ ಮಾಡುವ ಹಾಗಿಲ್ಲ. ಬೈಯುವ, ಹೆದರಿಸುವ ಹಾಗಿಲ್ಲ. ನೆಂಟರನ್ನು, ಸ್ನೇಹಿತರನ್ನು ಕಾಡುವ ಹಾಗಿಲ್ಲ. ಸಾಲ ತೆಗೆದವರ ಹೆಸರನ್ನು ಬಹಿರಂಗ ಮಾಡುವ ಹಾಗಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರದಂತೆ ನೋಡಿಕೊಂಡೇ ಸಾಲ ಕೊಡಬೇಕು ಅಂತಲೂ ಇದೆ. ಕಂತು ಚಿಕ್ಕದು ಮಾಡಿ ಅವಧಿ ಹೆಚ್ಚಿಸಿ ಅಂತ ಕಂಪನಿಗೆ ಬರವಣಿಗೆಯಲ್ಲಿ ಅರ್ಜಿ ಕೊಡು, ಒಂದು ಪ್ರತಿ ನಿನ್ನ ಹತ್ತಿರ ಇರಲಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕೇಳು. 2025ರಲ್ಲಿ ನಮ್ಮ ರಾಜ್ಯದಲ್ಲಿ ಸಾಲ ವಸೂಲಿ ಕಿರುಕುಳಕ್ಕೆ ಜೀವ ಕಳೆದುಕೊಂಡವರ ಸುದ್ದಿ ಮೇಲಿಂದ ಮೇಲೆ ಬಂದು, ಸರ್ಕಾರ ಅದನ್ನು ತಡೆಯಲು ಕಾನೂನನ್ನೇ ತಂದಿತು. ಯಾರಾದರೂ ಮನೆಗೆ ನುಗ್ಗಿದರೆ, ಸಾಮಾನು ಎತ್ತಿದರೆ 112ಕ್ಕೆ ಫೋನ್ ಮಾಡು. ಉಚಿತ ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದ 15100 ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಆ ಸೇವೆ ಹಕ್ಕು.

ಬರುವ ಭಾನುವಾರ ಆರಾಧನೆಗೆ ಹೋಗು. ಹಿಂದಿನ ಬೆಂಚಿಗಲ್ಲ, ನೀನು ಯಾವಾಗಲೂ ಕೂರುತ್ತಿದ್ದ ಜಾಗಕ್ಕೆ. ಶನಿವಾರವೇ ಚರ್ಚಿನ ಸ್ತ್ರೀ ಸಂಘದಲ್ಲಿ ನಿನಗೆ ನಂಬಿಕೆ ಇರುವ ಒಬ್ಬರಿಗೆ ವಿಷಯ ಹೇಳಿ, ಜೊತೆಗೆ ಬನ್ನಿ ಅನ್ನು. ಎಲ್ಲರಿಗೂ ಹೇಳಬೇಕಿಲ್ಲ.

ಇಲ್ಲಿ ನಮ್ಮ ಚರ್ಚುಗಳ ಸಭೆಗಳಿಗೂ ಒಂದು ಮಾತು ಹೇಳಲೇಬೇಕು. ಕೆಲವು ಕಡೆ ವಂತಿಗೆ ಬಾಕಿ ಇರುವವರ ಹೆಸರು ಬರೆದು ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ದಯವಿಟ್ಟು ಅದನ್ನು ಕಿತ್ತು ಹಾಕಿ. ಹೊರಗೆ ಸಂಘದವರು ಕಟ್ಟೆ ಮೇಲೆ ಕೂತು ಮಾಡಿದ್ದನ್ನೇ ನಾವು ದೇವಾಲಯದ ಗೋಡೆ ಮೇಲೆ ಮಾಡುತ್ತಿದ್ದೇವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಸಂಜೆ 7ರಿಂದ 10.30ರವರೆಗೆ ಪ್ರಾರ್ಥನಾ ಕೂಟ ನಡೆಯುತ್ತದೆ. ಸ್ತುತಿ ಆರಾಧನೆಗೆ ಕೀಬೋರ್ಡ್, ಮೈಕ್, ಸ್ಪೀಕರ್ ಇಟ್ಟಿದ್ದೇವೆ. ಕೆಳಗಿನ ಮನೆಯವರು ಪದೇ ಪದೇ ಬಂದು ಜಗಳ ಮಾಡುತ್ತಾರೆ, ಹೋದ ವಾರ ಪೊಲೀಸರನ್ನೂ ಕರೆಸಿದರು. ಎಲ್ಲರ ಮುಂದೆ ಅವಮಾನವಾಯಿತು. ಇದು ಕ್ರಿಸ್ತನ ಹೆಸರಿಗಾಗಿ ಬಂದ ಹಿಂಸೆ ಅಂತ ತಿಳಿದು ಸಹಿಸಿಕೊಳ್ಳಬೇಕೇ?
*ಬೆಂಗಳೂರು*

ಉತ್ತರ: ಅಲ್ಲ ಸಹೋದರರೇ, ಇದು ಅದಲ್ಲ. ಕ್ರಿಸ್ತನ ಹೆಸರಿಗಾಗಿ ನಿಜವಾಗಿ ಕಷ್ಟಪಡುವವರು ನಮ್ಮ ನಾಡಿನಲ್ಲೂ ಇದ್ದಾರೆ. ಅವರ ನೋವಿನ ಜೊತೆ ಸ್ಪೀಕರ್ ಜಗಳವನ್ನು ಸೇರಿಸಬಾರದು. ಪೇತ್ರ ತನ್ನ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಇದನ್ನು ಬಿಡಿಸಿ ಹೇಳಿದ್ದಾನೆ. ಕ್ರೈಸ್ತನಾಗಿ ಬಾಧೆಪಟ್ಟರೆ ನಾಚಿಕೆಪಡಬೇಡ, ಆದರೆ ಬೇರೆಯವರ ವಿಷಯಕ್ಕೆ ತಲೆಹಾಕಿ ಬಾಧೆಪಡುವ ಹಾಗೆ ಮಾಡಿಕೊಳ್ಳಬೇಡ ಅಂತ. ರಾತ್ರಿ ಹತ್ತೂವರೆಗೆ ಇನ್ನೊಬ್ಬರ ಮಲಗುವ ಕೋಣೆಗೆ ನಮ್ಮ ಕೀಬೋರ್ಡ್ ಹೋಗುವುದು ತಲೆಹಾಕುವುದೇ ಅಲ್ವಾ? ಜ್ಞಾನೋಕ್ತಿಯಲ್ಲಿ ಇನ್ನೂ ನೇರವಾಗಿದೆ. ಮುಂಜಾನೆ ಎದ್ದು ಗಟ್ಟಿ ಧ್ವನಿಯಲ್ಲಿ ನೆರೆಯವನಿಗೆ ಆಶೀರ್ವಾದ ಹೇಳಿದರೂ ಅದು ಶಾಪಕ್ಕೆ ಸಮ ಅನ್ನುತ್ತದೆ 27ನೇ ಅಧ್ಯಾಯ.

ಕಾನೂನೂ ಅವರ ಕಡೆಗಿದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಮೈಕ್ ಬೇಡ, ಸ್ಪೀಕರ್ ಬೇಡ. ನಿಮ್ಮ ಹಾಲ್‌ನಲ್ಲಿ ಎಷ್ಟು ಜನ ಕೂರಬಹುದೋ ಅಷ್ಟು ಜನಕ್ಕೆ ಬರೀ ಬಾಯಿ ಸಾಕು. ಒಂಬತ್ತಕ್ಕೆ ಮುಗಿಸಿ. ಕೆಳಗಿನ ಮನೆಯವರ ಹತ್ತಿರ ಹೋಗಿ ಕ್ಷಮೆ ಕೇಳಿ, ನಿಮ್ಮ ಫೋನ್ ನಂಬರ್ ಕೊಟ್ಟು, 'ಸದ್ದು ಬಂದರೆ ಒಂದು ಮಿಸ್ಡ್ ಕಾಲ್ ಕೊಡಿ ಸಾಕು' ಅನ್ನಿ. ಅವರ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರಾ, ಹುಷಾರಿಲ್ಲದ ಹಿರಿಯರಿದ್ದಾರಾ, ಇಷ್ಟು ದಿನದಲ್ಲಿ ಕೇಳಿ ತಿಳಿದುಕೊಂಡಿದ್ದೀರಾ? ಆ ಹೆಸರುಗಳನ್ನು ಕೂಟದ ಪ್ರಾರ್ಥನೆಯಲ್ಲಿ ಮೆಲ್ಲಗೆ ಸೇರಿಸಿ.

ಪ್ರಶ್ನೆ: ಪಕ್ಕದ ಹೊಲದವನು ಪ್ರತಿ ಉಳುಮೆಗೂ ನಮ್ಮ ನಡುವಿನ ಬದುವನ್ನು ಒಂದೊಂದು ಗೇಣು ತಿನ್ನುತ್ತಾ ಬಂದಿದ್ದಾನೆ. ಕೇಳಿದರೆ ಜನರ ಮುಂದೆ 'ಈ ಪಾದ್ರಿ ಕಡೆಯೋರಿಗೆ ಭೂಮಿ ಯಾಕೆ, ಪರಲೋಕ ಇದೆಯಲ್ಲ' ಅಂತ ಹಂಗಿಸುತ್ತಾನೆ. ಮಗ ಕೋರ್ಟಿಗೆ ಹೋಗೋಣ ಅನ್ನುತ್ತಾನೆ. ಮನೆಯವರು ಇನ್ನೊಂದು ಕೆನ್ನೆ ತೋರಿಸಿ ಅನ್ನುತ್ತಾರೆ. ನನಗೆ ಎರಡೂ ಸರಿ ಕಾಣುತ್ತಿಲ್ಲ.
*ಹಿರಿಯ ರೈತರು, ಚಿಕ್ಕಬಳ್ಳಾಪುರ ಜಿಲ್ಲೆ*

ಉತ್ತರ: ಅಣ್ಣನವರೇ, ನಿಮ್ಮ ಮನಸ್ಸು ಸರಿಯಾದ ಕಡೆಗೇ ಇದೆ. ಬದು ಒತ್ತುವುದು ಚಿಕ್ಕ ವಿಷಯ ಅಂತ ಬೈಬಲ್ ಎಲ್ಲೂ ಹೇಳಿಲ್ಲ. ನೆರೆಯವನ ಗಡಿ ಸರಿಸಿದವನಿಗೆ ಶಾಪ ಅಂತ ಧರ್ಮೋಪದೇಶಕಾಂಡದ 27ನೇ ಅಧ್ಯಾಯದಲ್ಲಿ ಇದೆ, ಜನರೆಲ್ಲ ಅದಕ್ಕೆ ಆಮೆನ್ ಅನ್ನಬೇಕಿತ್ತು. ಸುಳ್ಳನ್ನು ಸತ್ಯ ಅಂತ ಒಪ್ಪಿಕೊಳ್ಳುವುದು ಪ್ರೀತಿ ಅಲ್ಲ. ಅವನು ತಪ್ಪು ಮಾಡಲು ನೀವು ಜಾಗ ಬಿಡುತ್ತಾ ಹೋದರೆ ಅವನ ಆತ್ಮಕ್ಕೂ ಒಳ್ಳೆಯದು ಮಾಡಿದ ಹಾಗಾಗುವುದಿಲ್ಲ.

ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯವರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಎಲ್ಲರ ಮುಂದೆ ಅಳೆದು ಕಲ್ಲು ತೋರಿಸುತ್ತಾರೆ. ಆದರೆ ನೋಟಿಸ್ ಅವನ ಕೈ ಸೇರುವ ಮುಂಚೆ ನೀವೇ ಹೋಗಿ, 'ಇಂಥ ದಿನ ಅಳತೆ ಮಾಡಿಸುತ್ತಿದ್ದೇನೆ, ನೀನೂ ನಿಂತುಕೋ. ನನ್ನ ಕಡೆ ನಿನ್ನದು ಬಂದಿದ್ದರೆ ಅದನ್ನೂ ಬಿಡುತ್ತೇನೆ' ಅಂತ ಹೇಳಿ. ಕೊನೆಯ ಮಾತು ಮುಖ್ಯ. ಅಳತೆ ಎರಡೂ ಕಡೆಗೆ ಒಂದೇ ಅಂತ ಅವನಿಗೆ ಗೊತ್ತಾಗಲಿ. ಕೋರ್ಟ್ ಮಾತು ಅಲ್ಲಿಯವರೆಗೆ ಬೇಡ. ತಾಲೂಕು ಕೋರ್ಟಿನ ಒಂದು ಜಮೀನು ಕೇಸು ತಂದೆಯಿಂದ ಮಗನಿಗೆ ಬರುವುದನ್ನು ನೀವೂ ನೋಡಿದ್ದೀರಿ.

ಇಸಾಕನ ಕಥೆ ನೆನಪಿದೆಯಲ್ಲ. ಅವನ ಆಳುಗಳು ಬಾವಿ ತೋಡಿದರು, ಗೆರಾರಿನ ಕುರುಬರು ನಮ್ಮದು ಅಂದರು. ಇನ್ನೊಂದು ತೋಡಿದರು, ಅದಕ್ಕೂ ಜಗಳ. ಅಲ್ಲಿಂದ ಹೊರಟು ಮೂರನೆಯದು ತೋಡಿದ, ಅದಕ್ಕೆ ಯಾರೂ ಬರಲಿಲ್ಲ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನ ಭಾಗವನ್ನು ಕಮ್ಮಿ ಹೇಳುತ್ತಾರೆ. ಅವನನ್ನು ಓಡಿಸಿದ ಅರಸ ಅಬೀಮೆಲೆಕ ತಾನಾಗಿ ಬಂದಾಗ ಇಸಾಕ ಮೊದಲು ಕೇಳಿದ್ದು, 'ನನ್ನನ್ನು ದ್ವೇಷಿಸಿ ಕಳಿಸಿಬಿಟ್ಟಿರಲ್ಲ, ಈಗ ಯಾಕೆ ಬಂದಿರಿ?' ಮುಖಕ್ಕೆ ಮುಖ ಕೊಟ್ಟು ಕೇಳಿದ. ಆಮೇಲೆ ಅವರಿಗೆ ಊಟ ಹಾಕಿಸಿದ. ಕೇಳದೆ ಊಟ ಹಾಕಿಸಿದ್ದರೆ ಅದು ಬೇರೆ ಥರ ಇರುತ್ತಿತ್ತು.

ಹಂಗಿಸುವ ಮಾತಿಗೆ ಉತ್ತರ ಕೊಡಬೇಡಿ. ಆದರೆ ವಿಮೋಚನಕಾಂಡ 23ರ ಮಾತನ್ನು ಮಾಡಿ ನೋಡಿ. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿದ್ದರೆ ನೋಡಿಯೂ ನೋಡದ ಹಾಗೆ ಹೋಗಬೇಡ, ಎತ್ತಲು ಕೈ ಹಾಕು ಅಂತ ಅಲ್ಲಿದೆ. ಅವನ ಬಗ್ಗೆ ಒಳ್ಳೆಯ ಭಾವನೆ ಬರಿಸಿಕೋ ಅಂತ ಹೇಳಿಲ್ಲ, ಕೈ ಹಾಕು ಅಂತ ಹೇಳಿದೆ. ನಿಮ್ಮ ವಯಸ್ಸಿಗೆ ಇದು ಸುಲಭದ ಆಜ್ಞೆ. ಮಳೆಗಾಲದಲ್ಲಿ ಅವನ ಟ್ರ್ಯಾಕ್ಟರ್ ಕೆಸರಲ್ಲಿ ಹೂತರೆ ಮಗನನ್ನು ಕಳಿಸಿ. ಸರ್ವೆ ಅರ್ಜಿ ನಡೆಯುತ್ತಿರಲಿ, ಟ್ರ್ಯಾಕ್ಟರ್ ಹೊರಗೆ ಬರಲಿ. ಸಾಧ್ಯವಾದಷ್ಟು, ನಿಮ್ಮ ಕೈಯಲ್ಲಾಗುವ ಮಟ್ಟಿಗೆ ಎಲ್ಲರ ಜೊತೆ ಸಮಾಧಾನದಿಂದಿರಿ ಅಂತ ಪೌಲ ರೋಮಾಪುರದವರಿಗೆ ಬರೆದ. ಉಳಿದದ್ದು ಅವನ ಪಾಲಿನದು.

ಪ್ರಶ್ನೆ: ಹೊಸದಾಗಿ ಬಂದ ನೆರೆಯವರಿಗೆ ಕ್ರಿಸ್ಮಸ್‌ಗೆ ಕುಸ್ವಾರ್ (ಕೇಕ್ ಮತ್ತು ಹಬ್ಬದ ತಿಂಡಿಗಳ) ತಟ್ಟೆ ಕೊಟ್ಟೆ. ಮರುದಿನ ಮುಟ್ಟದೆ ಹಾಗೇ ವಾಪಸ್ ಕೊಟ್ಟರು. ಬಹಳ ಅವಮಾನವಾಯಿತು. ಮುಂದೆ ಕೊಡಲೋ ಬೇಡವೋ?
*ಮಂಗಳೂರು*

ಉತ್ತರ: ಕೇಕಿನಲ್ಲಿ ಮೊಟ್ಟೆ ಇತ್ತಾ? ಅಚ್ಚಿನಲ್ಲಿ ಅದ್ದಿ ಕರಿಯುವ ಕೊಕ್ಕಿಸಾಂಗೂ ಮೊಟ್ಟೆ ಹಾಕುತ್ತೀರಲ್ಲ. ಅವರು ಮೊಟ್ಟೆ ಮುಟ್ಟದ ಮನೆಯವರಾಗಿದ್ದರೆ, ತಿನ್ನದ್ದನ್ನು ಬಿಸಾಡದೆ ವಾಪಸ್ ತಂದುಕೊಟ್ಟಿದ್ದಾರೆ ಅಷ್ಟೆ. ಅವಮಾನ ಅಂತ ತಿಳಿಯುವ ಮುಂಚೆ ಒಂದು ಮಾತು ಕೇಳಿ, ಬಾಗಿಲಲ್ಲಿ ಬೇರೆಯವರು ಇಲ್ಲದಾಗ. ಮುಂದಿನ ವರ್ಷ ಅವರಿಗೆ ಬಾಳೆಹಣ್ಣು, ಕಿತ್ತಳೆ, ಮೊಟ್ಟೆ ಹಾಕದ ನೆವ್ರಿ (ಕರ್ಜಿಕಾಯಿಯಂಥ ತಿಂಡಿ) ಬೇರೆ ತಟ್ಟೆಯಲ್ಲಿ ಇಡಿ. ಅದನ್ನೂ ವಾಪಸ್ ಕೊಟ್ಟರೆ ತಟ್ಟೆ ನಿಲ್ಲಿಸಿ, ನಮಸ್ಕಾರ ನಿಲ್ಲಿಸಬೇಡಿ.

ಪ್ರಶ್ನೆ: ನನ್ನ ಗಂಡ ಒಂದು ಮೋಸದ ಕೇಸಿನಲ್ಲಿ ಜೈಲಿನಲ್ಲಿದ್ದಾರೆ. ವಿಚಾರಣೆ ಇನ್ನೂ ಮುಗಿದಿಲ್ಲ, ವಕೀಲರಿಗೆ ಕೊಡಲು ದುಡ್ಡೂ ಇಲ್ಲ. ಎಂಟು ವರ್ಷದ ಮಗನಿಗೆ 'ಅಪ್ಪ ದುಬೈಗೆ ಹೋಗಿದ್ದಾರೆ' ಅಂತ ಹೇಳಿದ್ದೇನೆ. ಎದುರು ಮನೆಯವರು ಬೇಕಂತಲೇ ಅವನನ್ನು ನಿಲ್ಲಿಸಿ 'ಅಪ್ಪ ದುಬೈಯಿಂದ ಏನು ತರ್ತಾರೋ?' ಅಂತ ಕೇಳಿ ನಗುತ್ತಾರೆ. ಅವರನ್ನು ಕಂಡರೆ ಮೈ ಉರಿಯುತ್ತದೆ. ಇವರನ್ನೂ ಪ್ರೀತಿಸಬೇಕೇ?
*ಒಬ್ಬ ತಾಯಿ, ಶಿವಮೊಗ್ಗ*

ಉತ್ತರ: ಮಗುವನ್ನು ನಿಲ್ಲಿಸಿ ನಗುವುದು ಕೆಟ್ಟತನ. ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ. ನಾಳೆಯೇ ಎದುರು ಮನೆಯ ಹಿರಿಯರ ಹತ್ತಿರ ಹೋಗಿ, 'ನನ್ನನ್ನು ಏನು ಬೇಕಾದರೂ ಕೇಳಿ, ಮಗುವನ್ನು ಕೇಳಬೇಡಿ' ಅಂತ ಹೇಳು. ಧ್ವನಿ ಏರಿಸಬೇಡ, ನಗಲೂ ಬೇಡ. ಇದೇ ಈಗ ನೀನು ಅವರಿಗೆ ತೋರಿಸಬಹುದಾದ ಪ್ರೀತಿ. ಅವರು ಮಾಡುತ್ತಿರುವುದು ಏನು ಅಂತ ಅವರಿಗೆ ಕಾಣುವ ಹಾಗೆ ಮಾಡುವುದು. ಮೈ ಉರಿಯುವುದು ತಾನಾಗಿ ಕಮ್ಮಿಯಾಗಲು ಸಮಯ ಬೇಕು, ಅದಕ್ಕಾಗಿ ನಿನ್ನನ್ನು ನೀನು ಬೈದುಕೊಳ್ಳಬೇಡ.

ಆದರೆ ಅವರ ಕೈಗೆ ಆ ಆಟಿಕೆ ಕೊಟ್ಟದ್ದು ದುಬೈ ಮಾತು. ಓಣಿಗೆ ಗೊತ್ತಿರುವುದು ಮಗುವಿಗೆ ಮಾತ್ರ ಗೊತ್ತಿಲ್ಲ. ಇನ್ನೊಬ್ಬರ ಬಾಯಿಂದ ಕೇಳುವ ಮುಂಚೆ ನಿನ್ನಿಂದ ಕೇಳಲಿ. ರಾತ್ರಿ ಮಲಗುವಾಗ ಹೇಳಬೇಡ, ಅವನು ಅದನ್ನೇ ಯೋಚಿಸುತ್ತಾ ಒಬ್ಬನೇ ಎದ್ದಿರುತ್ತಾನೆ. ರಜೆ ದಿನ ಬೆಳಿಗ್ಗೆ ಹೇಳು. 'ಅಪ್ಪನ ಮೇಲೆ ತಪ್ಪು ಮಾಡಿದ್ದಾರೆ ಅಂತ ದೂರು ಇದೆ. ನಿಜವೋ ಅಲ್ಲವೋ ಅಂತ ನ್ಯಾಯಾಧೀಶರು ವಿಚಾರಿಸುತ್ತಿದ್ದಾರೆ. ಅಲ್ಲಿಯವರೆಗೆ ಅಪ್ಪ ಜೈಲಿನಲ್ಲಿ ಇರಬೇಕು. ನಿನ್ನಿಂದ ಏನೂ ಆದದ್ದಲ್ಲ. ಅಪ್ಪನಿಗೆ ನೀನಂದ್ರೆ ಇಷ್ಟ. ಅಮ್ಮ ಹೆದರಿ ದುಬೈ ಅಂದಳು, ಇನ್ನು ಸುಳ್ಳು ಹೇಳಲ್ಲ.' ಇಷ್ಟೇ ಸಾಕು. ಅವನು ಕೇಳಿದಷ್ಟಕ್ಕೆ ಉತ್ತರ ಕೊಡು.

ಪೌಲ ರೋಮಿನಲ್ಲಿ ಬೇಡಿ ಹಾಕಿಸಿಕೊಂಡು ಕೂತಿದ್ದಾಗ ಬಹಳ ಜನ ಅವನಿಂದ ಜಾರಿಕೊಂಡರು. ಒನೇಸಿಫೊರ ಅನ್ನುವವನು ಮಾತ್ರ ಊರೆಲ್ಲ ಹುಡುಕಿ ಅವನನ್ನು ಕಂಡುಹಿಡಿದ, ಅವನ ಬೇಡಿಯನ್ನು ಕಂಡು ನಾಚಿಕೊಳ್ಳಲಿಲ್ಲ. ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ ಅವನಿಗೂ ಅವನ ಮನೆಯವರಿಗೂ ಕರುಣೆ ಬೇಡುತ್ತಾನೆ. ಪೌಲನ ಮೇಲಿದ್ದ ಆರೋಪ ಬೇರೆ, ನಿನ್ನ ಗಂಡನ ಮೇಲಿರುವುದು ಬೇರೆ, ಗೊತ್ತು. ಅವರು ತಪ್ಪು ಮಾಡಿದ್ದರೆ ಕಳೆದುಕೊಂಡವರ ದುಡ್ಡಿಗೆ ಉತ್ತರ ಹೇಳಬೇಕು, ಅದನ್ನು ನೀನೂ ಅವರಿಗೆ ಹೇಳಬೇಕು. ಆದರೆ ಬೇಡಿ ಹಾಕಿಸಿಕೊಂಡವನನ್ನು ಹುಡುಕಿಕೊಂಡು ಹೋಗುವುದಕ್ಕೆ ನಾಚಬೇಕಿಲ್ಲ. ಸೆರೆಯಲ್ಲಿದ್ದೆ, ನೀವು ಬಂದಿರಿ ಅಂತ ಕರ್ತ ಹೇಳುವಾಗ ಯಾವ ಕೇಸಿನಲ್ಲಿ ಅಂತ ಹೇಳಲಿಲ್ಲ.

ವಕೀಲರಿಗೆ ದುಡ್ಡಿಲ್ಲ ಅಂತ ಬರೆದಿದ್ದೀಯ. ಜೈಲಿನಲ್ಲಿರುವವರಿಗೆ ಉಚಿತ ವಕೀಲರು ಸಿಗುವುದು ಹಕ್ಕು, 15100ಕ್ಕೆ ಕೇಳು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಬಗ್ಗೆಯೂ ವಕೀಲರನ್ನು ವಿಚಾರಿಸು. ಮೊದಲ ಸಲದ ಆರೋಪಿ, ಬೇರೆ ಕೇಸು ಇಲ್ಲದಿದ್ದರೆ, ಆ ಅಪರಾಧಕ್ಕೆ ಇರುವ ಹೆಚ್ಚಿನ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದ ಮೇಲೆ ಬಾಂಡ್ ಮೇಲೆ ಹೊರಗೆ ಬರಲು ಅದರಲ್ಲಿ ಅವಕಾಶ ಇದೆ. ಜೀವಾವಧಿ ಅಥವಾ ಮರಣದಂಡನೆ ಇರುವ ಅಪರಾಧಕ್ಕೆ ಮಾತ್ರ ಅದು ಅನ್ವಯಿಸುವುದಿಲ್ಲ.

ಮಗನಿಗೆ ಹೇಳಿದ ಮೇಲೆ ಅವನ ಕ್ಲಾಸ್ ಟೀಚರ್ ಒಬ್ಬರಿಗೆ ನೀನೇ ಹೋಗಿ ವಿಷಯ ತಿಳಿಸು. ಅವನು ಇದ್ದಕ್ಕಿದ್ದ ಹಾಗೆ ಮಂಕಾದರೆ, ಯಾರನ್ನಾದರೂ ಹೊಡೆದರೆ ಅವರಿಗೆ ಕಾರಣ ಗೊತ್ತಿರಬೇಕು. ಸ್ಕೂಲಿನಲ್ಲಿ ಮಕ್ಕಳು ಕೇಳಿದರೆ 'ಅದು ನಮ್ಮ ಮನೆ ವಿಷಯ' ಅಂತ ಹೇಳಲು ಕಲಿಸು, ಅದು ಸುಳ್ಳಲ್ಲ. ಅಪ್ಪನನ್ನು ನೋಡಬೇಕು ಅಂತ ಅವನೇ ಕೇಳಿದರೆ ಕರೆದುಕೊಂಡು ಹೋಗು. ದೂರವಾದರೆ ಇ-ಮುಲಾಕಾತ್ ಅನ್ನುವ ಜೈಲಿನ ಆನ್‌ಲೈನ್ ಸೇವೆಯಲ್ಲಿ ವಿಡಿಯೊ ಭೇಟಿಗೆ ಹೆಸರು ಬರೆಸುವ ವ್ಯವಸ್ಥೆಯೂ ಇದೆ. ಕೇಳದಿದ್ದರೆ ಒತ್ತಾಯ ಮಾಡಬೇಡ, ಒಂದು ಚಿತ್ರ ಬರೆದುಕೊಡುತ್ತೀಯಾ ಅಂತ ಕೇಳು, ನೀನು ಹೋಗುವಾಗ ತಲುಪಿಸಬಹುದು.